ಬಿಲ್ ಬುಕ್ ಮುಟ್ಟದ ಮೇಸ್ತ್ರಿ: ಇಷ್ಟವಿಲ್ಲದ ಕೆಲಸದ ಒಂದು ಪ್ರಕರಣ ಅಧ್ಯಯನ

ದಾವಣಗೆರೆಯಲ್ಲಿ ಸಣ್ಣ ಅಂಗಡಿ, ಗ್ಯಾರೇಜು, ವರ್ಕ್‌ಶಾಪ್‌ಗಳ ಲೆಕ್ಕಪತ್ರ ನೋಡಿಕೊಡುವುದು ನನ್ನ ಕೆಲಸ. ಜಿಎಸ್‌ಟಿ ಬಂದದ್ದು 2017ರ ಜುಲೈ 1ಕ್ಕೆ. ಅಲ್ಲಿಂದ ಇಲ್ಲಿವರೆಗೆ ನಾನು ಕಂಡವರಲ್ಲಿ ದುಡ್ಡಿಲ್ಲ ಎಂದು ರಿಟರ್ನ್ (ಸರ್ಕಾರಕ್ಕೆ ಕೊಡುವ ತೆರಿಗೆ ಲೆಕ್ಕ) ತಡ ಮಾಡಿದವರು ಕಮ್ಮಿ. ಬಿಲ್ ಬರೆಯೋಕೆ ಮನಸ್ಸೇ ಬರಲ್ಲ ಎಂದು ತಡ ಮಾಡಿದವರೇ ಜಾಸ್ತಿ. ಇಂಥವರಿಗೆ ಮನೆಯವರೂ ಊರವರೂ ಸೋಮಾರಿ ಎಂದು ಹೆಸರಿಟ್ಟುಬಿಡುತ್ತಾರೆ. ಅದು ಅನ್ಯಾಯದ ಮಾತು. ಅಷ್ಟೇ ಅಲ್ಲ, ಆ ಹೆಸರು ಇಟ್ಟ ಕೂಡಲೇ ನಿಜವಾದ ಕಾರಣ ಹುಡುಕುವ ಕೆಲಸ ನಿಂತುಹೋಗುತ್ತದೆ.

ಇಲ್ಲಿ ಬರೆಯುತ್ತಿರುವುದು ಒಬ್ಬ ಮೋಟಾರ್ ರಿವೈಂಡಿಂಗ್ ಮೇಸ್ತ್ರಿಯವರ ವಿಷಯ, ಅಂದರೆ ಸುಟ್ಟ ಮೋಟಾರಿಗೆ ಹೊಸ ತಂತಿ ಸುತ್ತಿ ಕೊಡುವವರು. ಅವರನ್ನು ಕೇಳಿಯೇ ಬರೆಯುತ್ತಿದ್ದೇನೆ. ಹೆಸರು, ಅಂಗಡಿಯ ಜಾಗ ಬಿಟ್ಟಿದ್ದೇನೆ. ಎಲ್ಲರೂ ಮೇಸ್ತ್ರಿ ಎಂದೇ ಕರೆಯುತ್ತಾರೆ, ನಾನೂ ಹಾಗೇ ಕರೆಯುತ್ತೇನೆ.

ಐವತ್ತರ ಆಸುಪಾಸಿನ ವಯಸ್ಸು. ಓದಿದ್ದು ಏಳನೇ ಕ್ಲಾಸು. ಚಿಕ್ಕ ಹುಡುಗನಾಗಿದ್ದಾಗಲೇ ಒಬ್ಬರ ಕೈಕೆಳಗೆ ಸೇರಿ ಕೆಲಸ ಕಲಿತರು. ಈಗ ಸ್ವಂತ ಅಂಗಡಿ, ಕೆಲಸಕ್ಕೆ ಇಬ್ಬರು ಹುಡುಗರು. ಜಗಳೂರು ಕಡೆಯಿಂದ ಬೋರ್‌ವೆಲ್ಲಿನ ಸಬ್‌ಮರ್ಸಿಬಲ್ ಮೋಟಾರ್ ಬರುತ್ತವೆ. ಚನ್ನಗಿರಿ, ಹೊನ್ನಾಳಿ ಕಡೆಯ ಅಡಿಕೆ ತೋಟದವರ ಪಂಪ್‌ಗಳು ಬರುತ್ತವೆ. ಹರಿಹರ ರಸ್ತೆಯ ರೈಸ್ ಮಿಲ್ಲುಗಳಿಂದ ದೊಡ್ಡ ಮೋಟಾರುಗಳು. ಫೆಬ್ರವರಿ ಕಳೆದು ಬಿಸಿಲು ಏರಿತೆಂದರೆ ನೀರು ಕೆಳಗಿಳಿಯುತ್ತದೆ, ವೋಲ್ಟೇಜ್ ಏರುಪೇರಾಗುತ್ತದೆ, ಮೋಟಾರ್ ಸುಡುತ್ತವೆ. ಮೇ ಮುಗಿಯುವವರೆಗೂ ಅಂಗಡಿ ಮುಂದೆ ಕಾಲಿಡಲು ಜಾಗ ಇರಲ್ಲ.

ಅವರ ಕೆಲಸ ನೋಡಿದವರು ಯಾರೂ ಸೋಮಾರಿ ಎನ್ನಲಾರರು. ಸುಟ್ಟ ವೈಂಡಿಂಗ್ ಬಿಚ್ಚುವಾಗಲೇ ಎಲ್ಲವನ್ನೂ ಗುರುತು ಹಾಕಿಕೊಳ್ಳಬೇಕು. ತಂತಿ ಕೂರುವ ಸ್ಲಾಟು ಎಷ್ಟು, ಒಂದೊಂದು ಕಾಯಿಲ್‌ಗೆ ಎಷ್ಟು ಸುತ್ತು, ತಂತಿ ಯಾವ ಗೇಜು ಅಂದರೆ ಎಷ್ಟು ದಪ್ಪ, ಯಾವ ಸ್ಲಾಟಿನಿಂದ ಹೊರಟು ಯಾವ ಸ್ಲಾಟಿಗೆ ಹೋಗಿದೆ. ಒಂದು ತಪ್ಪಿದರೆ ಮೋಟಾರ್ ತಿರುಗಿದರೂ ಕರೆಂಟ್ ಜಾಸ್ತಿ ಎಳೆಯುತ್ತದೆ, ಕಾಯುತ್ತದೆ, ಮತ್ತೆ ಸುಡುತ್ತದೆ. ಇದಕ್ಕೆಲ್ಲ ಅವರ ಹತ್ತಿರ ಒಂದು ಡೈರಿ ಇದೆ. ಹಳೇ ರಟ್ಟಿನ ಡೈರಿ, ಅಂಚೆಲ್ಲ ವಾರ್ನಿಷ್ ಕಲೆ. ಒಳಗೆ ನೋಡಿದರೆ ಮುತ್ತು ಪೋಣಿಸಿದ ಹಾಗೆ ಕನ್ನಡ ಅಕ್ಷರ. ಮೋಟಾರಿನ ಎಚ್‌ಪಿ, ಸುತ್ತು, ಗೇಜು, ಕನೆಕ್ಷನ್ ಚಿತ್ರ, ಓಡಿಸಿ ನೋಡಿದಾಗ ಬಂದ ಆಂಪಿಯರ್. ಒಂದೇ ಒಂದು ಮೋಟಾರ್ ಬಿಟ್ಟುಹೋಗಿಲ್ಲ.

ಅದೇ ಮೇಜಿನ ಮೇಲೆ ಬಿಲ್ ಬುಕ್ ಇತ್ತು. ಪ್ರತಿ ದೀಪಾವಳಿಗೆ ಹೊಸದು ತಂದು ಲಕ್ಷ್ಮೀಪೂಜೆಗೆ ಇಡುತ್ತಿದ್ದರು. ಅರಿಶಿನ ಕುಂಕುಮ ಹಚ್ಚಿದ ಮೊದಲ ಕೆಲವು ಹಾಳೆ ತುಂಬಿರುತ್ತಿತ್ತು. ಮುಂದೆ ಖಾಲಿ. ವ್ಯವಹಾರವೆಲ್ಲ ಚೀಟಿಯಲ್ಲಿ. ಚೀಟಿಗಳನ್ನು ಚುಚ್ಚಿಡುವ ಕಬ್ಬಿಣದ ಕಡ್ಡಿಯೊಂದು ಗೋಡೆ ಪಕ್ಕ. ಮೂರು ತಿಂಗಳ ಚೀಟಿ ಅದರಲ್ಲಿ ಗ್ರೀಸ್ ಮೆತ್ತಿಕೊಂಡು ಒಂದಕ್ಕೊಂದು ಅಂಟಿ ಕೂತಿರುತ್ತಿದ್ದವು. ರಿಟರ್ನ್ ಹಾಕುವ ಹೊತ್ತಿಗೆ ಅದನ್ನು ಬಿಡಿಸಿ ಓದುವುದೇ ಒಂದು ಸಾಹಸ.

ಮೇಸ್ತ್ರಿ ಇದ್ದದ್ದು ಮೂರು ತಿಂಗಳಿಗೊಮ್ಮೆ ರಿಟರ್ನ್ ಹಾಕುವ ಪದ್ಧತಿಯಲ್ಲಿ. ವರ್ಷಕ್ಕೆ 5 ಕೋಟಿವರೆಗಿನ ವಹಿವಾಟಿನವರಿಗೆ 2021ರ ಜನವರಿಯಿಂದ ಈ ಸೌಲಭ್ಯ ಇದೆ. ಮೊದಲ ಎರಡು ತಿಂಗಳು ತೆರಿಗೆ ಮಾತ್ರ ಮುಂದಿನ ತಿಂಗಳ 25ರೊಳಗೆ ಕಟ್ಟಬೇಕು. ಮೂರನೇ ತಿಂಗಳು ಮುಗಿದ ಮೇಲೆ 13ರೊಳಗೆ ಬಿಲ್‌ಗಳ ಪಟ್ಟಿ, ಕರ್ನಾಟಕದವರಿಗೆ 22ರೊಳಗೆ ತೆರಿಗೆಯ ಒಟ್ಟು ಲೆಕ್ಕ ತೋರಿಸುವ ರಿಟರ್ನ್, ಅಂದರೆ ಜಿಎಸ್‌ಟಿಆರ್-3ಬಿ. ಸಣ್ಣವರ ಹೊರೆ ಇಳಿಸೋಣ ಎಂದು ಮಾಡಿದ ವ್ಯವಸ್ಥೆ ಇದು, ಒಳ್ಳೇದೇ. ಆದರೆ ಬಿಲ್ ಬರೆಯುವುದೆಂದರೆ ಹೆದರುವವರಿಗೆ ಇದು ತಿರುಗಿ ಬೀಳುತ್ತದೆ. ಕೆಲಸ ಮೂರು ತಿಂಗಳಿಗೊಮ್ಮೆ ಬಂದರೆ ಗುಡ್ಡೆಯೂ ಮೂರು ತಿಂಗಳದ್ದೇ ಆಗುತ್ತದೆ. ಗುಡ್ಡೆ ದೊಡ್ಡದಾದಷ್ಟೂ ಅದರ ಕಡೆ ಮುಖ ಮಾಡಲು ಮನಸ್ಸು ಒಪ್ಪಲ್ಲ.

ತಡವಾದರೆ ದಿನಕ್ಕೆ 50 ರೂಪಾಯಿ ದಂಡ. ಇದರ ಬಗ್ಗೆ ಒಂದು ಮಾತು ಹೇಳಲೇಬೇಕು. ವರ್ಷದ ವಹಿವಾಟು ಒಂದೂವರೆ ಕೋಟಿಯೊಳಗಿದ್ದರೆ ಒಂದು 3ಬಿಗೆ ಈ ದಂಡ 2000 ರೂಪಾಯಿ ದಾಟಲ್ಲ. ನಲವತ್ತು ದಿನಕ್ಕೆ ಆ ಮಿತಿ ಮುಟ್ಟುತ್ತದೆ. ಆಮೇಲೆ ಮೇಸ್ತ್ರಿ ಹೇಳುತ್ತಿದ್ದುದು ಒಂದೇ: "ಹೆಂಗೂ ಎರಡು ಸಾವಿರ ಆತಲ್ರಿ ಸರ್, ಇನ್ನೇನ್ ಅವಸರ." ಬಡ್ಡಿ ಮಾತ್ರ ವರ್ಷಕ್ಕೆ ಶೇಕಡಾ 18ರಂತೆ ಓಡುತ್ತಲೇ ಇರುತ್ತದೆ. 30,000 ರೂಪಾಯಿ ತೆರಿಗೆ ಬಾಕಿ ಇದ್ದರೆ ತಿಂಗಳಿಗೆ 450. ಅದು ಕಣ್ಣಿಗೆ ಕಾಣುವುದಿಲ್ಲ, ಹಾಗಾಗಿ ಹೆದರಿಸುವುದೂ ಇಲ್ಲ. ದಂಡದ ಭಯದಿಂದ ಜನ ಕೆಲಸ ಮಾಡುತ್ತಾರೆ ಎಂದು ನಂಬುವವರು ಇದನ್ನು ಸ್ವಲ್ಪ ಯೋಚಿಸಬೇಕು. ಭಯ ಆ ಒಂದು ದಿನ ಓಡಿಸುತ್ತದೆ. ಮಾರನೇ ದಿನ ಆ ಕೆಲಸದ ಮೇಲಿನ ಅಸಹ್ಯ ಇನ್ನಷ್ಟು ಹೆಚ್ಚಾಗಿರುತ್ತದೆ.

ನಿಜವಾದ ಪೆಟ್ಟು ಬಿದ್ದದ್ದು ಬೇರೆ ಕಡೆ. ಒಂದು ರೈಸ್ ಮಿಲ್ಲಿನವರು ಒಂದೇ ಸಲ ಹಲವು ಮೋಟಾರ್ ಕೊಟ್ಟಿದ್ದರು. ಕೆಲಸದ ಮೊತ್ತ 80,000. ಅದರ ಮೇಲೆ ಶೇಕಡಾ 18 ಅಂದರೆ 14,400 ತೆರಿಗೆ. ಮಿಲ್ಲಿನವರು ಆ 14,400ನ್ನು ಮೇಸ್ತ್ರಿಗೆ ಕೊಟ್ಟರು. ತಾವು ಕಟ್ಟುವ ತೆರಿಗೆಯಲ್ಲಿ ಅದನ್ನು ಮುರಿದುಕೊಳ್ಳಬೇಕಾದರೆ ಮೇಸ್ತ್ರಿ ಆ ಬಿಲ್ಲನ್ನು ಜಿಎಸ್‌ಟಿ ಪೋರ್ಟಲ್‌ಗೆ ಏರಿಸಿರಬೇಕು. 2022ರ ಜನವರಿಯಿಂದ ಈ ನಿಯಮ ಬಿಗಿಯಾಗಿದೆ. ಮಾರಿದವನು ತೋರಿಸದ ಬಿಲ್ಲಿಗೆ ಕೊಂಡವನಿಗೆ ಹಾಗೆ ಮುರಿದುಕೊಳ್ಳುವ ಹಕ್ಕು, ಅಂದರೆ ಕ್ರೆಡಿಟ್, ಇಲ್ಲ. ಮೇಸ್ತ್ರಿ ಏರಿಸಲಿಲ್ಲ. ಮಿಲ್ಲಿನ ಲೆಕ್ಕದವರು ಫೋನ್ ಮಾಡಿದರು. ಮೇಸ್ತ್ರಿ ಫೋನ್ ಎತ್ತುವುದನ್ನೇ ಬಿಟ್ಟರು. ಮಿಲ್ಲಿನವರು ಮೋಟಾರ್ ಕಳಿಸುವುದನ್ನೇ ಬಿಟ್ಟರು.

ಮೇಸ್ತ್ರಿಯ ಹೆಂಡತಿ ನನ್ನ ಆಫೀಸಿಗೆ ಬಂದದ್ದು ಆಮೇಲೆ. "ರಾತ್ರಿ ಹನ್ನೊಂದರ ತನ ಕೆಲ್ಸ ಮಾಡ್ತಾರ್ರಿ. ಇದೊಂದಕ್ಕೆ ಮಾತ್ರ ಯಾಕ್ ಹಿಂಗೆ?" ಎಂದು ಕೇಳಿದರು. ಅವರನ್ನು ನಾನು ಅಕ್ಕ ಎನ್ನುತ್ತೇನೆ. ಅಕ್ಕ ಕೇಳಿದ್ದು ಸರಿಯಾದ ಪ್ರಶ್ನೆ. ಇಡೀ ಪ್ರಕರಣದಲ್ಲಿ ಅದಕ್ಕಿಂತ ಮುಖ್ಯವಾದ ಪ್ರಶ್ನೆ ಇನ್ನೊಂದಿಲ್ಲ.

ಅಷ್ಟು ಹೊತ್ತಿಗೆ ಮನೆಯಲ್ಲಿ ಏನೇನೋ ಉಪಾಯ ಮಾಡಿ ಮುಗಿದಿತ್ತು. ಮೊಬೈಲಿನಲ್ಲಿ ಅಲಾರಂ ಇಟ್ಟರು. ಅಲಾರಂ ಹೊಡೆದಾಗ ಕೈಯಲ್ಲಿ ತಂತಿ ಇರುತ್ತಿತ್ತು, ಆಫ್ ಮಾಡಿ ಮುಂದುವರಿಸುತ್ತಿದ್ದರು. ಅಕ್ಕನ ತಮ್ಮ "ಭಾವಾ, ಕರೆಂಟ್ ಹೋದಾಗ ಬಿಲ್ ಬರೀರಿ, ಹೆಂಗೂ ಸುಮ್ನೆ ಕೂತಿರ್ತೀರಿ" ಎಂದರು. ಕೇಳಲು ಚೆಂದವಾಗಿದೆ. ಆದರೆ ಕರೆಂಟ್ ಹೋದಾಗ ಅಕ್ಕಪಕ್ಕದ ಅಂಗಡಿಯವರೆಲ್ಲ ಚಹಾಕ್ಕೆ ಹೊರಡುತ್ತಾರೆ, ಮೇಸ್ತ್ರಿಯೂ ಹೊರಡುತ್ತಿದ್ದರು. ಅಕ್ಕನ ಅಣ್ಣನ ಮಗ ಮೊಬೈಲಿಗೆ ಒಂದು ಬಿಲ್ಲಿಂಗ್ ಆ್ಯಪ್ ಹಾಕಿಕೊಟ್ಟ. ಅದು ಕೇಳುವ ಪ್ರಶ್ನೆ ನೋಡಿ ಇವರು ಮೊಬೈಲನ್ನೇ ಹುಡುಗರ ಕೈಗೆ ಕೊಟ್ಟರು.

ಬಹುಮಾನದ ಉಪಾಯವೂ ಆಯ್ತು. ವಾರದ ಬಿಲ್ ಬರೆದು ಮುಗಿಸಿದರೆ ಭಾನುವಾರ ಎಲ್ಲರೂ ಬೆಣ್ಣೆ ದೋಸೆಗೆ ಹೋಗುವುದು. ಕೆಲವು ವಾರ ನಡೆಯಿತು. ನಡುವೆ ಹಬ್ಬ ಬಂತು, ನೆಂಟರು ಬಂದರು, ಬಿಲ್ ಬರೆಯದೆಯೇ ದೋಸೆಗೆ ಹೋದರು. ಅಲ್ಲಿಗೆ ಮುಗಿಯಿತು. ಇದು ಮೇಸ್ತ್ರಿಯೊಬ್ಬರ ಕಥೆಯಲ್ಲ. ಅಮೆರಿಕದಲ್ಲಿ ಕೇಟಿ ಮಿಲ್ಕ್‌ಮನ್ ಮತ್ತು ಜೊತೆಗಾರರು 2014ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲೂ ಇದೇ ಆಗಿದೆ. ಮುಂದೇನಾಯ್ತು ಎಂದು ಕಾತರ ಹುಟ್ಟಿಸುವ ಕಥೆಗಳ ಆಡಿಯೋ ಪುಸ್ತಕ ಕೇಳಲು ಜಿಮ್‌ಗೇ ಬರಬೇಕು ಎಂದು ಕಟ್ಟು ಹಾಕಿದಾಗ ಜನ ಜಿಮ್‌ಗೆ ಜಾಸ್ತಿ ಹೋದರು. ಹಬ್ಬದ ರಜೆ ಬಂದ ಮೇಲೆ ಆ ಹುರುಪು ಇಳಿದುಹೋಯಿತು. ಇಷ್ಟವಾದದ್ದನ್ನು ಇಷ್ಟವಿಲ್ಲದ್ದಕ್ಕೆ ಕಟ್ಟುವುದು ಶುರು ಮಾಡಿಸಲು ಒಳ್ಳೇದು. ಬಹಳ ದಿನ ಎಳೆಯುವ ಶಕ್ತಿ ಅದಕ್ಕೆ ಕಮ್ಮಿ.

ನನಗೆ ಮೊದಲು ತಲೆಗೆ ಬಂದ ಅನುಮಾನ ಸಮಯದ್ದು. ಬೇಸಿಗೆಯಲ್ಲಿ ಪುರುಸೊತ್ತಿಲ್ಲ, ಜನವರಿಯಿಂದ ಮಾರ್ಚ್‌ವರೆಗಿನ ರಿಟರ್ನ್ ಬರುವುದೇ ಏಪ್ರಿಲ್‌ನಲ್ಲಿ, ಮೋಟಾರ್ ಸುಡುವ ನಡುಬೇಸಿಗೆಯಲ್ಲಿ. ಹಾಗಾಗಿ ತಡ ಆಗುತ್ತೆ, ಅಲ್ವಾ? ಆದರೆ ಹಳೇ ದಾಖಲೆ ತೆಗೆದು ನೋಡಿದರೆ ಮಳೆಗಾಲದ ರಿಟರ್ನುಗಳೂ ಅಷ್ಟೇ ತಡ. ಆಗಸ್ಟ್‌ನಲ್ಲಿ ಅಂಗಡಿಯಲ್ಲಿ ಕೆಲಸವೇ ಇರಲ್ಲ, ಮಧ್ಯಾಹ್ನವೇ ಬಾಗಿಲು ಹಾಕುತ್ತಿದ್ದರು. ಆಗಲೂ ಬಿಲ್ ಬುಕ್ ಮುಟ್ಟಿಲ್ಲ. ಅಂದಮೇಲೆ ಕಾರಣ ಸಮಯವಲ್ಲ.

ಬರೆಯಲು ಬೇಜಾರು ಎಂಬುದೂ ಅಲ್ಲ. ವೈಂಡಿಂಗ್ ಡೈರಿ ಬರೆಯುವವರೂ ಇದೇ ಮನುಷ್ಯ.

ಇನ್ನೊಂದನ್ನು ವಿಚಾರಿಸಿಕೊಂಡೆ. ಊಟ, ನಿದ್ದೆ, ಜನರ ಜೊತೆ ಮಾತುಕತೆ ಎಲ್ಲ ಚೆನ್ನಾಗಿದೆಯಾ ಎಂದು ಅಕ್ಕನನ್ನು ಕೇಳಿದೆ. ಎಲ್ಲ ಸರಿಯಿತ್ತು. ಇದನ್ನು ಯಾಕೆ ಹೇಳುತ್ತಿದ್ದೇನೆಂದರೆ, ಒಂದು ಕೆಲಸ ಮಾತ್ರ ಬೇಡವಾಗುವುದು ಬೇರೆ, ವಾರಗಟ್ಟಲೆ ಯಾವುದೂ ಬೇಡವಾಗುವುದು ಬೇರೆ. ನಿದ್ದೆ ಕೆಟ್ಟು, ಊಟ ಸೇರದೆ, ಮೊದಲು ಖುಷಿ ಕೊಡುತ್ತಿದ್ದ ಕೆಲಸವೂ ಬೇಡವಾದರೆ ಅದು ಖಿನ್ನತೆ ಇರಬಹುದು. ಅದಕ್ಕೆ ಮನೋವೈದ್ಯರನ್ನೇ ಕಾಣಬೇಕು. 2022ರಲ್ಲಿ ಶುರುವಾದ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲೂ ರಾತ್ರಿಯೂ ಕರೆ ಮಾಡಬಹುದು. ಮುಂದೆ ಬರೆದಿರುವ ಯಾವ ಉಪಾಯವೂ ಆ ಚಿಕಿತ್ಸೆಯ ಬದಲಿಗೆ ಬರಲ್ಲ.

ಯಾಕೆ ಬರೆಯಲ್ಲ ಎಂದು ಮೇಸ್ತ್ರಿಯನ್ನು ಕೇಳಿದರೆ ಉತ್ತರ ಒಂದೇ, "ಬ್ಯಾಸರ ರೀ ಸರ್." ಅದರಿಂದ ಏನೂ ಗೊತ್ತಾಗಲ್ಲ. ಕೇಳುವುದು ಬಿಟ್ಟು ಪಕ್ಕದಲ್ಲಿ ಕೂತು ನೋಡೋಣ ಅನ್ನಿಸಿತು. ಒಂದು ಮಳೆಗಾಲದ ಸಂಜೆ ಅಂಗಡಿಗೆ ಹೋದೆ. "ಮೇಸ್ತ್ರಿ, ನಾನು ಸುಮ್ನೆ ಇರ್ತೀನಿ, ನೀವು ಒಂದು ಬಿಲ್ ಬರೀರಿ" ಎಂದೆ.

ಕೈ ಒರೆಸಿಕೊಂಡು ಕೂತರು. ಕಡ್ಡಿಯಿಂದ ಒಂದು ಚೀಟಿ ಕಿತ್ತರು. ಬಿಲ್ ಬುಕ್ ತೆರೆದರು. ಹಿಂದಿನ ಬಿಲ್ ನಂಬರ್ ಎಷ್ಟು ಎಂದು ನೋಡಲು ಪುಟ ತಿರುವಿದರು. ಕೈ ಅಲ್ಲೇ ನಿಂತಿತು. ಆ ಪುಟದ ಹಿಂಭಾಗದಲ್ಲಿ ಪೆನ್ಸಿಲಿನಲ್ಲಿ ಉದ್ರಿ ಬರೆದಿದ್ದರು. ಮೊದಲ ಹೆಸರು ಅವರ ಷಡ್ಡಕರದ್ದು, 14,000. ಅದರ ಕೆಳಗೆ ಸೋದರಮಾವನ ಮಗ. ಅದರ ಕೆಳಗೆ ಹಳೇ ಗೆಳೆಯನೊಬ್ಬ. ಮೇಸ್ತ್ರಿ ಅರೆಗಳಿಗೆ ಅದನ್ನೇ ನೋಡಿದರು. ಆಮೇಲೆ ಕೈ ಮೊಬೈಲಿಗೆ ಹೋಯಿತು. ಯಾರಿಗೋ ಫೋನ್ ಮಾಡಿ ಬೇರಿಂಗ್ ಬಂತಾ ಎಂದು ವಿಚಾರಿಸಿದರು. ಫೋನ್ ಇಟ್ಟವರು ಎದ್ದು ಹುಡುಗನ ಕೆಲಸ ನೋಡಲು ಹೋದರು.

ಬಿಲ್ ಬುಕ್ ತೆರೆದಾಗಲೆಲ್ಲ ಇದೇ ಆಗುತ್ತಿತ್ತು. ಅವರಿಗೆ ಬೇಡವಾದದ್ದು ಬಿಲ್ ಅಲ್ಲ. ಬಿಲ್ ಬುಕ್ಕಿನಲ್ಲೇ ಕೂತಿದ್ದ ಆ ಹೆಸರುಗಳು. ಪುಸ್ತಕ ತೆರೆದರೆ ಷಡ್ಡಕರು ನೆನಪಾಗುತ್ತಾರೆ. ದುಡ್ಡು ಕೇಳಬೇಕು ಎಂಬುದು ನೆನಪಾಗುತ್ತದೆ. ಕೇಳಲಾರೆ ಎಂಬುದೂ ನೆನಪಾಗುತ್ತದೆ. "ಜಗಳೂರಿನಾಗೆ ಅವರ ಬೋರು ಒಣಗಿ ಕುಂತೈತಿ. ಹೆಂಗ್ ಕೇಳ್ಲಿ ಸರ್? ಕೇಳದಿದ್ರೆ ಮನ್ಯಾಗೆ ಬೈಸ್ಕಂತೀನಿ" ಎಂದರು. ಇಷ್ಟನ್ನು ಅವರು ಯಾರಿಗೂ ಹೇಳಿರಲಿಲ್ಲ. ಯಾರೂ ಪಕ್ಕದಲ್ಲಿ ಕೂತು ನೋಡಿರಲೂ ಇಲ್ಲ.

ಕೆಲಸ ಮುಂದೂಡುವುದರ ಬಗ್ಗೆ ಫ್ಯೂಷಿಯಾ ಸಿರೋಯ್, ತಿಮೊಥಿ ಪಿಚಿಲ್ ಎಂಬ ಇಬ್ಬರು ಮನಶ್ಶಾಸ್ತ್ರಜ್ಞರು 2013ರಲ್ಲಿ ಬರೆದದ್ದು ಇಲ್ಲಿಗೆ ಸರಿಯಾಗಿ ಹೊಂದುತ್ತದೆ. ಅವರು ಹೇಳುವ ಪ್ರಕಾರ ಮುಂದೂಡುವುದು ಸಮಯ ಹೊಂದಿಸಲು ಬಾರದವರ ತೊಂದರೆಯಲ್ಲ. ಆ ಕ್ಷಣದ ಕೆಟ್ಟ ಭಾವನೆಯಿಂದ ತಪ್ಪಿಸಿಕೊಳ್ಳುವ ದಾರಿ. ಕೆಲಸ ಬಿಟ್ಟ ಕೂಡಲೇ ಮನಸ್ಸಿಗೆ ಹಗುರ ಅನ್ನಿಸುತ್ತದೆ. ಆ ಹಗುರವೇ ಮುಂದಿನ ಸಲವೂ ಬಿಡುವಂತೆ ಮಾಡುತ್ತದೆ. ಬೇರಿಂಗ್ ವಿಚಾರಿಸಿದ ಆ ಫೋನ್ ಕರೆ ಮೇಸ್ತ್ರಿಗೆ ಕೊಟ್ಟದ್ದು ಅದೇ ಹಗುರ. ಇದು ಅರ್ಥವಾದ ಮೇಲೆ ಟೈಂಟೇಬಲ್ ಹಾಕಿಕೊಡುವುದರಲ್ಲಿ ಅರ್ಥವಿಲ್ಲ ಎಂದು ನನಗೆ ಖಚಿತವಾಯಿತು.

ಇನ್ನೆರಡು ಸಣ್ಣ ಮುಳ್ಳು ಇದ್ದವು. ಒಂದು, ಹಳೇ ತಾಮ್ರ. ಸುಟ್ಟ ತಂತಿಯ ತಾಮ್ರವನ್ನು ಮೇಸ್ತ್ರಿ ಇಟ್ಟುಕೊಂಡು ಅದರ ಬೆಲೆ ಕಳೆದು ದುಡ್ಡು ತೆಗೆದುಕೊಳ್ಳುತ್ತಿದ್ದರು. 9,000ದ ಕೆಲಸ, 2,000ದ ತಾಮ್ರ, ಕೈಗೆ 7,000. ಬಿಲ್ಲಿನಲ್ಲಿ 9,000 ಬರೆಯಬೇಕಾ, 7,000 ಬರೆಯಬೇಕಾ? ಅವರಿಗೆ ಗೊತ್ತಿರಲಿಲ್ಲ. ಕೇಳಲು ಸಂಕೋಚ. ಹಳೇದನ್ನು ಕೊಟ್ಟು ಕೆಲಸ ಮಾಡಿಸಿಕೊಂಡರೂ ತೆರಿಗೆ ಪೂರ್ತಿ ಬೆಲೆಯ ಮೇಲೆ ಬರುತ್ತದೆ, ಅಂದರೆ 9,000ದ ಮೇಲೆ. ಇದನ್ನು ಹೇಳಲು ಐದು ನಿಮಿಷ ಸಾಕಾಯಿತು. ಆ ಐದು ನಿಮಿಷದ ಮಾತು ಗೊತ್ತಿಲ್ಲದೆ ಅವರು ವರ್ಷಗಟ್ಟಲೆ ಒದ್ದಾಡಿದ್ದರು. ನಮಗೆ ಬೇಡವಾದ ಎಷ್ಟೋ ಕೆಲಸದ ನಡುವೆ ಇಂಥ ಒಂದು ಗೊತ್ತಿಲ್ಲದ ಮಾತು ಸಿಕ್ಕಿಕೊಂಡಿರುತ್ತದೆ. ಅದನ್ನು ಯಾರಾದರೂ ಬಲ್ಲವರನ್ನು ಕೇಳಿಬಿಡುವುದೇ ಅರ್ಧ ಕೆಲಸ.

ಎರಡನೆಯದು ಇಂಗ್ಲಿಷ್. ಮಿಲ್ಲಿನವರ ಜಿಎಸ್‌ಟಿ ನಂಬರ್ 15 ಅಕ್ಷರ, 29ರಿಂದ ಶುರು. ಅದನ್ನು ತಪ್ಪಿಲ್ಲದೆ ಬರೆಯುವುದು, ಮಿಲ್ಲಿನ ಗುಮಾಸ್ತ ಅದನ್ನು ನೋಡಿ ತುಟಿ ಕೊಂಕಿಸುವುದು ಇವರಿಗೆ ಆಗಿಬರುತ್ತಿರಲಿಲ್ಲ. ಬಿಲ್ ಇಂಗ್ಲಿಷಿನಲ್ಲೇ ಇರಬೇಕು ಎಂದು ಯಾವ ನಿಯಮವೂ ಇಲ್ಲ ಎಂದಾಗ ನಂಬಲೇ ಇಲ್ಲ. ಖಾಯಂ ಗಿರಾಕಿಗಳ ನಂಬರುಗಳನ್ನು ದಪ್ಪಕ್ಷರದಲ್ಲಿ ಪ್ರಿಂಟ್ ತೆಗೆದು, ಮೋಟಾರ್ ಓಡಿಸಿ ನೋಡುವ ಟೆಸ್ಟ್ ಪ್ಯಾನಲ್ ಪಕ್ಕ ಅಂಟಿಸಿದೆವು. ನೋಡಿ ಬರೆದರಾಯಿತು.

ಈಗ ಮುಖ್ಯವಾದದ್ದಕ್ಕೆ ಬರುತ್ತೇನೆ. ಹಳೇ ಬಿಲ್ ಬುಕ್ಕುಗಳನ್ನೆಲ್ಲ ಗಂಟು ಕಟ್ಟಿ ನನ್ನ ಆಫೀಸಿಗೆ ತಂದೆ. ಅದರೊಳಗಿನ ಉದ್ರಿಯನ್ನು ಅಕ್ಕ ಒಂದು ಉದ್ದನೆಯ ಕೆಂಪು ಖಾತೆ ಪುಸ್ತಕಕ್ಕೆ ಇಳಿಸಿಕೊಂಡರು. ಆ ಪುಸ್ತಕ ಮನೆಯಲ್ಲಿ, ಅಂಗಡಿಗೆ ಬರುವಂತಿಲ್ಲ. ಬಿಲ್ಲಿಗೆ ಹೊಸ ಪುಸ್ತಕ. ಅದರಲ್ಲಿ ಉದ್ರಿ ಬರೆಯುವಂತಿಲ್ಲ, ಪೆನ್ಸಿಲಿನಲ್ಲೂ ಬರೆಯುವಂತಿಲ್ಲ. ಕೇಳಿದರೆ ಇಷ್ಟೇನಾ ಅನ್ನಿಸಬಹುದು. ಆದರೆ ಮೊದಲ ವಾರದಲ್ಲೇ ಮೇಸ್ತ್ರಿ ಆ ಪುಸ್ತಕ ತೆರೆಯುವ ರೀತಿ ಬದಲಾಯಿತು. ಅಂಗಡಿಯಲ್ಲಿದ್ದ ಹುಡುಗರೂ ಗಮನಿಸಿ ಹೇಳಿದರು.

ಆಮೇಲೆ ಬರೆಯುವ ಹೊತ್ತು. ಇಲ್ಲಿ ನನ್ನ ತಲೆಯಲ್ಲಿ ಇದ್ದದ್ದು ಪೀಟರ್ ಗೋಲ್‌ವಿಟ್ಜರ್ ಎಂಬ ಮನಶ್ಶಾಸ್ತ್ರಜ್ಞರ ಕೆಲಸ. "ನಾಳೆ ಮಾಡ್ತೀನಿ" ಎಂಬ ನಿರ್ಧಾರಕ್ಕಿಂತ "ಇಂಥದ್ದು ಆದ ಕೂಡಲೇ ಇದನ್ನು ಮಾಡ್ತೀನಿ" ಎಂಬ ನಿರ್ಧಾರ ಹೆಚ್ಚು ನಡೆಯುತ್ತದೆ ಎಂದು ಅವರು 1999ರಲ್ಲಿ ವಿವರವಾಗಿ ಬರೆದಿದ್ದಾರೆ. ಹಾಗಾದರೆ ಮೇಸ್ತ್ರಿಯ ದಿನದಲ್ಲಿ ತಪ್ಪದೇ ಆಗುವಂಥದ್ದು ಯಾವುದು? ಚಹಾ ಅಲ್ಲ, ಅದಕ್ಕೆ ಹೊತ್ತಿಲ್ಲ. ಕರೆಂಟ್ ಹೋಗುವುದಂತೂ ಅಲ್ಲವೇ ಅಲ್ಲ. ತಪ್ಪದೇ ಆಗುವುದು ಮೋಟಾರ್ ಟೆಸ್ಟ್. ಯಾವ ಮೋಟಾರೂ ಪ್ಯಾನಲ್‌ಗೆ ಕೊಟ್ಟು ಓಡಿಸಿ ಆಂಪಿಯರ್ ನೋಡದೆ ಅಂಗಡಿಯಿಂದ ಹೊರಗೆ ಹೋಗಲ್ಲ. ಆಂಪಿಯರ್ ನೋಡಿದ ಕೂಡಲೇ ಮೇಸ್ತ್ರಿ ಡೈರಿಯಲ್ಲಿ ಬರೆಯುತ್ತಾರೆ. ಪೆನ್ನು ಆಗಲೇ ಕೈಯಲ್ಲಿರುತ್ತದೆ.

ಹಾಗಾಗಿ ಬಿಲ್ ಬುಕ್ಕನ್ನೇ ಒಂದು ಹೆಜ್ಜೆ ಹಿಂದಕ್ಕೆ ಸರಿಸಿದೆವು. ಡೈರಿಯಲ್ಲಿ ಆಂಪಿಯರ್ ಬರೆಯುವ ಸಾಲಿನ ಮುಂದೆ ಸ್ಕೇಲಿಟ್ಟು ಎರಡು ಗೆರೆ ಎಳೆದೆವು. ಒಂದರಲ್ಲಿ ಯಾರ ಮೋಟಾರ್, ಇನ್ನೊಂದರಲ್ಲಿ ಎಷ್ಟು ರೂಪಾಯಿ. ಅಷ್ಟೇ. ಮೋಟಾರ್ ಆಫ್ ಮಾಡಿದ ಕೈಯಲ್ಲೇ ಅದನ್ನೂ ತುಂಬುವುದು. ಈ ಗೆರೆ ಎಳೆದುಕೊಂಡವರು ಸ್ವತಃ ಮೇಸ್ತ್ರಿ. ಅಗಲ ಎಷ್ಟಿರಬೇಕು ಎಂದು ನಿರ್ಧರಿಸಿದವರೂ ಅವರೇ. ಅದು ಅವರ ಹೆಮ್ಮೆಯ ಪುಸ್ತಕ, ನಾನು ಕೈ ಹಾಕಬಾರದು. ಆ ಎರಡು ಗೆರೆ ಬಂದ ಮೇಲೆ ಚೀಟಿ ಚುಚ್ಚುವ ಕಡ್ಡಿಗೆ ಕೆಲಸವಿಲ್ಲದಾಯಿತು.

ಡೈರಿಯಿಂದ ಬಿಲ್ ಬುಕ್ಕಿಗೆ ಇಳಿಸುವುದು ಶನಿವಾರ ಸಂಜೆ. ಅಕ್ಕ ಅಂಗಡಿಗೆ ಬರುತ್ತಾರೆ. ಅವರು ಡೈರಿ ನೋಡಿ ಓದುತ್ತಾರೆ, ಇವರು ಬರೆಯುತ್ತಾರೆ. ಅಕ್ಕನೇ ಬರೆದುಬಿಡಬಹುದಲ್ಲ ಎಂದು ನೀವು ಕೇಳಬಹುದು. ನಾನೂ ಆ ಮಾತು ಎತ್ತಿದ್ದೆ. ಅಕ್ಕ ಒಪ್ಪಲಿಲ್ಲ. "ನನ್ ಕೈಗೆ ಬಂದ್ರೆ ಅದು ನಂದೇ ಆಗ್ತದೆ, ಅವರು ತಿರುಗಿ ನೋಡಂಗಿಲ್ಲ" ಎಂದರು. ಎಷ್ಟು ಸರಿಯಾದ ಮಾತು! ಕೆಲವು ಕೆಲಸವನ್ನು ಬೇರೆಯವರಿಗೆ ದಾಟಿಸುವುದೇ ಜಾಣತನ, ಅದರಲ್ಲಿ ನಾಚಿಕೆ ಇಲ್ಲ. ಆದರೆ ದರ, ರಿಯಾಯಿತಿ, ಗಿರಾಕಿಯ ಜೊತೆಗಿನ ಮಾತು ಎಲ್ಲ ಮೇಸ್ತ್ರಿಯ ತಲೆಯಲ್ಲಿರುವಾಗ ಬಿಲ್ಲನ್ನು ಅವರೇ ಬರೆಯುವುದು ಒಳ್ಳೇದು. ಪಕ್ಕದಲ್ಲಿ ಒಬ್ಬರು ಕೂತಿರುತ್ತಾರೆ ಅನ್ನುವುದೇ ದೊಡ್ಡ ಆಸರೆ. ಎದ್ದು ಹೋಗಲು ಆಗಲ್ಲ, ಒಬ್ಬನೇ ಇದ್ದೇನೆ ಅನ್ನಿಸುವುದೂ ಇಲ್ಲ.

ಯಾಕೆ ಮಾಡಬೇಕು ಎಂಬ ಪ್ರಶ್ನೆ ಉಳಿದಿತ್ತು. ದಂಡ ತಪ್ಪಿಸಲು ಎಂಬ ಉತ್ತರ ಅವರಿಗೆ ತಾಗಿರಲಿಲ್ಲ. ಎಡ್ವರ್ಡ್ ಡೆಸಿ, ರಿಚರ್ಡ್ ರಯಾನ್ ಎಂಬ ಇಬ್ಬರು ಪ್ರೇರಣೆಯ ಬಗ್ಗೆ ದಶಕಗಳ ಕಾಲ ಕೆಲಸ ಮಾಡಿದವರು. ಕೆಲಸ ಇಷ್ಟವಾಗದಿದ್ದರೂ, ಅದು ನನಗೆ ಬೇಕಾದ ಒಂದಕ್ಕೆ ಸಂಬಂಧಪಟ್ಟದ್ದು ಎಂದು ಮನಸಾರೆ ಒಪ್ಪಿದರೆ ಮನುಷ್ಯ ಅದನ್ನು ಬಿಡದೆ ಮಾಡುತ್ತಾನೆ ಎನ್ನುವುದು ಅವರ ಸಿದ್ಧಾಂತದ ಒಂದು ಭಾಗ. ಮೇಸ್ತ್ರಿಗೆ ಬೇಕಾದದ್ದು ಏನು? ದುಡ್ಡಲ್ಲ. ಮಾತು ಉಳಿಸಿಕೊಳ್ಳುವುದು. ಅವರು ಕಟ್ಟಿದ ಮೋಟಾರ್ ಮತ್ತೆ ಸುಟ್ಟರೆ ದುಡ್ಡು ತಗೊಳ್ಳದೆ ಕಟ್ಟಿಕೊಡುತ್ತಾರೆ. ಅಂಥವರಿಗೆ ಮಿಲ್ಲಿನ 14,400ರ ಲೆಕ್ಕ ಪೂರ್ತಿ ಗೊತ್ತೇ ಇರಲಿಲ್ಲ. ತಡವಾದರೆ ನಷ್ಟ ತಮಗೊಬ್ಬರಿಗೆ ಎಂದುಕೊಂಡಿದ್ದರು. ಮಿಲ್ಲಿನವರು ಕೊಟ್ಟ ತೆರಿಗೆ ಅವರಿಗೆ ವಾಪಸ್ ಸಿಗದ ಹಾಗೆ ನಮ್ಮ ಕೈಯಲ್ಲಿ ನಿಂತಿದೆ ಎಂದು ಪೋರ್ಟಲ್ ತೆರೆದು ತೋರಿಸಿದಾಗ ಸುಮಾರು ಹೊತ್ತು ಮಾತಾಡಲಿಲ್ಲ. "ಅಂದ್ರೆ ಅವರ ದುಡ್ಡು ನಾನ್ ತಿಂದಂಗಾತಲ್ರಿ" ಎಂದರು. ಆ ವಾರವೇ ಬಾಕಿ ಬಿಲ್ಲುಗಳನ್ನು ಏರಿಸಿ, ಕಟ್ಟಬೇಕಾದ ತೆರಿಗೆ, ಬಡ್ಡಿ, ದಂಡ ಎಲ್ಲ ಕಟ್ಟಿದೆವು. ಮಿಲ್ಲಿಗೆ ಅವರೇ ಹೋಗಿ ಹೇಳಿಬಂದರು.

ಅಲ್ಲಿಂದ ಮಿಲ್ಲುಗಳ ಬಿಲ್ಲನ್ನು ಮೂರು ತಿಂಗಳು ಕಾಯದೆ ತಿಂಗಳಿಗೊಮ್ಮೆ ಏರಿಸುತ್ತೇವೆ. ಮೂರು ತಿಂಗಳ ಪದ್ಧತಿಯಲ್ಲಿದ್ದವರಿಗೂ ಮೊದಲ ಎರಡು ತಿಂಗಳ ಬಿಲ್ಲನ್ನು ಮುಂದಿನ ತಿಂಗಳ 1ರಿಂದ 13ರೊಳಗೆ ಏರಿಸುವ ಸೌಲಭ್ಯ ಇದೆ. ಗುಡ್ಡೆ ಚಿಕ್ಕದಾಯಿತು.

ಎಲ್ಲ ಸಲೀಸಾಗಿ ನಡೆಯಿತು ಎಂದು ಹೇಳಲಾರೆ. ಮಾರ್ಚ್ ಬಂದಾಗ ಶನಿವಾರದ ಬರೆಯುವಿಕೆ ತಪ್ಪಿತು. ಅಕ್ಕ ಅಂಗಡಿಗೆ ಬಂದು ಕಾದು ವಾಪಸ್ ಹೋದದ್ದೂ ಉಂಟು. ಆಗ ಮೇಸ್ತ್ರಿಗೆ ನಾನು ಹೇಳಿದ್ದು, ಬಿಲ್ ಬುಕ್ ಬಿಡಿ, ಡೈರಿಯ ಎರಡು ಗೆರೆ ಮಾತ್ರ ಬಿಡಬೇಡಿ. ಅದನ್ನು ಬಿಡಲಿಲ್ಲ. ಏಪ್ರಿಲ್ ಮೊದಲ ವಾರ ಎರಡು ಸಂಜೆ ಕೂತು ಡೈರಿಯಿಂದ ಎಲ್ಲ ಇಳಿಸಿದರು. ಅವರ ಇಷ್ಟು ವರ್ಷಗಳಲ್ಲಿ ಬೇಸಿಗೆಯ ರಿಟರ್ನ್ ದಂಡವಿಲ್ಲದೆ ಹೋದದ್ದು ಅದೇ ಮೊದಲು. ಸುಗ್ಗಿಯ ಹೊತ್ತಿಗೆ ಎಷ್ಟು ಕಮ್ಮಿ ಮಾಡಿದರೂ ನಡೆಯುತ್ತೆ ಎಂಬುದನ್ನು ಮೊದಲೇ ಮಾತಾಡಿಕೊಳ್ಳುವುದು ಒಳ್ಳೇದು. ಇಲ್ಲದಿದ್ದರೆ ಒಂದು ವಾರ ತಪ್ಪಿದ ಕೂಡಲೇ ಎಲ್ಲ ಮುಗಿಯಿತು ಅನ್ನಿಸಿಬಿಡುತ್ತದೆ.

ಈಗ ಬಿಲ್ ಬರೆಯುವುದು ಇಷ್ಟವಾ ಎಂದು ಕೇಳಿದ್ದೆ. "ಇಷ್ಟ ಏನಿಲ್ರಿ ಸರ್. ಆದ್ರೆ ಮದ್ಲಿನಂಗೆ ಎದಿ ಮ್ಯಾಲೆ ಕುಂದ್ರಂಗಿಲ್ಲ" ಎಂದರು. ನನಗೆ ಆ ಉತ್ತರ ಬಹಳ ಹಿಡಿಸಿತು. ಇಷ್ಟ ಹುಟ್ಟುವವರೆಗೆ ಕಾಯುವುದು, ಮನಸ್ಸು ಬಂದ ಮೇಲೆ ಮಾಡೋಣ ಅನ್ನುವುದು ಎಷ್ಟೋ ಜನರನ್ನು ಹಾಳು ಮಾಡಿದೆ. ಜಮೀನಿನ ಪಹಣಿ ಕೆಲಸ, ಮಕ್ಕಳ ಜಾತಿ ಪ್ರಮಾಣಪತ್ರ, ವಯಸ್ಸಾದವರ ಪಿಂಚಣಿ ಕಾಗದ ಎಲ್ಲದರಲ್ಲೂ ಇದನ್ನೇ ಕಾಣುತ್ತೇನೆ. ಇಡೀ ಕೆಲಸ ಬೇಡವಾಗಿರುವುದು ಅಪರೂಪ. ಅದರಲ್ಲಿ ಯಾವುದೋ ಒಂದು ಕಡೆ ಕೈ ನಿಲ್ಲುತ್ತದೆ. ಕೈ ಎಲ್ಲಿ ನಿಲ್ಲುತ್ತದೆ ಎಂದು ನೋಡದೆ ಕೊಡುವ ಬುದ್ಧಿವಾದ ಯಾರಿಗೂ ಉಪಯೋಗಕ್ಕೆ ಬರಲ್ಲ.

ಉದ್ರಿಯ ವಿಷಯ ಪೂರ್ತಿ ಬಗೆಹರಿದಿಲ್ಲ. ಕೆಂಪು ಪುಸ್ತಕ ಅಕ್ಕನ ಕೈಗೆ ಬಂದ ಮೇಲೆ ಅವರು ತಮ್ಮ ತಂಗಿಯ ಹತ್ತಿರವೇ ಮಾತಾಡಿದರು. ಷಡ್ಡಕರು ಮೆಕ್ಕೆಜೋಳ ಮಾರಿದ ಮೇಲೆ ಅರ್ಧ ಕೊಟ್ಟರು, ಉಳಿದದ್ದು ಮುಂದಿನ ಬೆಳೆಗೆ ಎಂದಿದ್ದಾರೆ. ಹಳೇ ಗೆಳೆಯನ ಬಾಕಿಯನ್ನು ಮೇಸ್ತ್ರಿ ತಾವೇ ಹೊಡೆದುಹಾಕಿಸಿದರು. ಸೋದರಮಾವನ ಮಗ ಇನ್ನೂ ಕೊಟ್ಟಿಲ್ಲ, ಅವರ ಮನೆಗೆ ಹೋಗಿ ಬರುವುದೂ ಸ್ವಲ್ಪ ಕಮ್ಮಿಯಾಗಿದೆ. ಹೊಸ ಉದ್ರಿ ಬೆಳೆಯದಿರಲು ನೆಂಟರಾದರೂ ತಂತಿಯ ದುಡ್ಡು ಮುಂಗಡ ಕೊಟ್ಟ ಮೇಲೇ ಮೋಟಾರ್ ಬಿಚ್ಚುವುದು ಎಂದು ಗಂಡ ಹೆಂಡತಿ ಮಾತಾಡಿಕೊಂಡಿದ್ದಾರೆ. ಇದನ್ನು ನೆಂಟರಿಗೆ ಹೇಳುವ ಕೆಲಸ ಯಾರದು ಎಂಬುದು ಮಾತ್ರ ಇಬ್ಬರ ನಡುವೆ ಇನ್ನೂ ತೀರ್ಮಾನವಾಗಿಲ್ಲ.